ಮುಂಡಗೋಡದಲ್ಲಿ ಟಿಬೆಟಿನ ಗೀತನಾಟಕ

ಹುಬ್ಬಳ್ಳಿಯಿಂದ ಮುಂಡಗೋಡಕ್ಕೆ ಸುಮಾರು 50 ಕಿಲೋಮೀಟರು. ಭತ್ತದ ಗದ್ದೆಗಳನ್ನು ದಾಟಿ ಟಿಬೆಟಿಯನ್ ಕ್ಯಾಂಪನ್ನು ಹೊಕ್ಕೊಡನೆ ಹೊನ್ನಿನ ಕಳಸದ ವಿಹಾರಗಳು ಕಣ್ಸೆಳೆಯುತ್ತವೆ. ತಾಯ್ನಾಡನ್ನು ತೊರೆದ ಟಿಬೆಟಿಯನ್ನರು ಇಲ್ಲಿ ನೆಲೆಯೂರಿದುದು 1966ರಲ್ಲಿ. 1969ರಲ್ಲಿ ಲ್ಹಾಸಾ ಬಳಿಯ ಪ್ರಾಚೀನ ಡ್ರೆಪುಂಗ್ ಮಠವೂ ಇಲ್ಲಿ ಮರುಹುಟ್ಟು ಪಡೆಯಿತು.

ಆ ಮಠದ ಹೆಸರಿನೊಡನೆ ಗೀತನಾಟಕವೊಂದು ಬೆಸೆದುಕೊಂಡಿದೆ. ಬೇಸಗೆಯ ವ್ರತ ಮುಗಿಸಿದ ಭಿಕ್ಷುಗಳಿಗೆ ಭಕ್ತರು ಅಲ್ಲಿ ಮೊಸರು ನೀಡುತ್ತಿದ್ದರು. ಆ 'ಶೋಟೋನ್' ಹಬ್ಬದಲ್ಲಿ 'ಆಚೆ ಲ್ಹಾಮೊ' ಆಡುವ ವಾಡಿಕೆ ಬೆಳೆಯಿತು. ನಮ್ಮ ಬಯಲಾಟದಂತೆ ಇದೂ ಬಯಲಿನ ಆಟವೇ, ಆದರೆ ಹಗಲಿನದು. ವಾದ್ಯಗಳು ಎರಡೇ: ಡೋಲು ಮತ್ತು ಕಂಚಿನ ತಾಳ. ಕಬ್ಬಿಣದ ಸರಪಳಿಯ ಸೇತುವೆಗಳನ್ನು ಕಟ್ಟಿಸಿದ ಸಂತ ಥಾಂಗ್‌ಟಾಂಗ್ ಗ್ಯಾಲ್ಪೊ ಇದರ ಮೂಲಪುರುಷನೆಂದು ಪ್ರತೀತಿ. ಸೇತುವೆಯ ಖರ್ಚಿಗಾಗಿ ಅವನು ಏಳು ಮಂದಿ ಸೋದರಿಯರಿಂದ ಹಾಡಿಸಿ ಕುಣಿಸಿದನಂತೆ.

ಇಲ್ಲಿನ ಗಾಯಕನದು ಒಂಟಿ ಸಾಧನೆಯಲ್ಲ. ಪಾತ್ರಧಾರಿ ಏರುದನಿಯಲ್ಲಿ ಸಾಲನ್ನು ಎತ್ತಿಕೊಟ್ಟೊಡನೆ ಉಳಿದವರು ದನಿಗೂಡಿಸಿ ಅದನ್ನು ಮುಂದೊಯ್ಯುತ್ತಾರೆ. ತನ್ನ ಸರದಿ ಮುಗಿದೊಡನೆ ಅವನೂ ಹಿಮ್ಮೇಳದಲ್ಲೊಬ್ಬ. ಎಂಥ ಕಂಠವಿದ್ದರೂ ಜೊತೆಯವರಿಲ್ಲದೆ ಪದ ಪೂರ್ಣವಾಗದು.

ಇಂದು ಕ್ಯಾಂಪಿನ ತರುಣರು ಓದಿಗಾಗಿ, ದುಡಿಮೆಗಾಗಿ ನಗರಗಳಿಗೂ ವಿದೇಶಗಳಿಗೂ ತೆರಳುತ್ತಿದ್ದಾರೆ. ಒಬ್ಬ ಗಾಯಕ ಉಳಿದರೆ ಈ ಕಲೆ ಉಳಿಯದು. ದನಿಗೂಡಿಸುವ ಹತ್ತು ಮಂದಿಯೂ ಬೇಕು.

ಮುಂಡಗೋಡಕ್ಕೆ ಹೋದವರು ವಿಹಾರಗಳ ಚೆಲುವನ್ನಷ್ಟೇ ಕಂಡು ಮರಳುವುದುಂಟು. ಎಲ್ಲಿಯಾದರೂ ಈ ಆಟ ನೋಡುವ ಅವಕಾಶ ಒದಗಿದರೆ, ಮಾತು ತಿಳಿಯದಿದ್ದರೂ ಅರೆಗಳಿಗೆ ಕುಳಿತು ಕೇಳಬೇಕು.