ಕ್ರೇಟೂ ಕೂರ್ಬೇಕು, ಮನೆಯವರೂ ಕೂರ್ಬೇಕು

ಬೈಕಿನ ಹಿಂದಿನ ಕ್ಯಾರಿಯರ್ ಬಿಚ್ಚಿ ಹಾಕೋ ಹಾಗೆ ಮಾಡ್ಸಿದ್ದೀನಿ ಅಂತ ಹೇಳಿದ್ದೆ. ಅಳತೆ ಬೇಕು ಅಂತ ಮೂರ್ನಾಲ್ಕು ಜನ ಕೇಳಿದ್ರು. ಅಳತೆಗಿಂತ ಮೊದಲು ಭಾರದ ಲೆಕ್ಕ ಬರೀತೀನಿ, ಯಾಕಂದ್ರೆ ಬೀಳೋದು ಏಳೋದು ಅದರ ಮೇಲೇ ಇದೆ.

ನಮ್ಮ ಕಡೆ ಕ್ಯಾರಿಯರ್‌ಗಳನ್ನ ಸೀಟಿನ ಹಿಂದಕ್ಕೆ, ನಂಬರ್ ಪ್ಲೇಟ್ ಮೇಲಕ್ಕೆ ಬರೋ ಹಾಗೆ ಫಿಕ್ಸ್ ಮಾಡ್ತಾರೆ. ಹಿಂದೆ ಒಬ್ಬರು ಕೂರೋಕೆ ಜಾಗ ಉಳೀಲಿ ಅಂತ. ಆದರೆ ಆವಾಗ ಭಾರ ಹಿಂದಿನ ಚಕ್ರದ ಆಕ್ಸಲ್ ದಾಟಿ ಹೊರಗೆ ಹೋಗುತ್ತೆ. ನಮ್ಮ ಮಾಮೂಲಿ 100 ಸಿಸಿ ಬೈಕಲ್ಲಿ ಎರಡು ಚಕ್ರದ ನಡುವೆ ಸುಮಾರು 4 ಅಡಿ. ಕ್ರೇಟಿನ ಮಧ್ಯಭಾಗ ಆಕ್ಸಲ್‌ನಿಂದ 1 ಅಡಿ ಹಿಂದೆ ಇದ್ದು, ಅದರಲ್ಲಿ 24 ಕೆಜಿ ಬೀನ್ಸ್ ಇದ್ರೆ, ಹಿಂದಿನ ಚಕ್ರದ ಮೇಲೆ 30 ಕೆಜಿ ಬೀಳುತ್ತೆ, ಮುಂದಿನ ಚಕ್ರದಿಂದ 6 ಕೆಜಿ ಎತ್ತಿಹೋಗುತ್ತೆ. ಏತದ ಲೆಕ್ಕಾನೇ ಇದು. ಅದೇ ಕ್ರೇಟನ್ನ ಆಕ್ಸಲ್‌ನಿಂದ ಅರ್ಧ ಅಡಿ ಮುಂದಕ್ಕೆ ತಂದ್ರೆ ಹಿಂದೆ 21, ಮುಂದೆ 3 ಕೆಜಿ. ಕೆರೆ ಏರಿ ಹತ್ತುವಾಗ ಹ್ಯಾಂಡಲ್ ತೇಲೋದು, ಮರಳಿನಲ್ಲಿ ಮುಂದಿನ ಚಕ್ರ ಜಾರೋದು ಇದರಿಂದಲೇ ಕಮ್ಮಿ ಆಗುತ್ತೆ.

ಊರೂರು ಸುತ್ತೋ ಟೂರಿಂಗ್ ಬೈಕ್‌ನವರ ಹಿಂದಿನ ಪೆಟ್ಟಿಗೆ ನೋಡಿರ್ತೀರಿ. ಪ್ಲೇಟ್ ಬೈಕಲ್ಲೇ ಇರುತ್ತೆ, ಪೆಟ್ಟಿಗೆ ಮಾತ್ರ ಕಳಚಿಕೊಂಡು ರೂಮಿಗೆ ಒಯ್ತಾರೆ. ಅಂಥಾ ಪೆಟ್ಟಿಗೆಗೂ ಮಾಡಿದವರು ಸಾಮಾನ್ಯವಾಗಿ 10 ಕೆಜಿ ಒಳಗೇ ಮಿತಿ ಹಾಕಿರ್ತಾರೆ. ನಾವು ಹೇರೋದು ಅದರ ಎರಡರಷ್ಟು.

ನಾನು ಬೈಕ್ ತಗೊಂಡಿದ್ದು ಸೆಕೆಂಡ್ ಹ್ಯಾಂಡ್, ಕ್ಯಾರಿಯರ್ ವೆಲ್ಡ್ ಆಗೇ ಬಂದಿತ್ತು. ನಮ್ಮ ಮನೆಯವರಿಗೆ ಮಂಡಿನೋವು, ಕಾಲೆತ್ತಿ ಹತ್ತೋಕೆ ಆ ಕಂಬಿ ಅಡ್ಡ. ತಿಂಗಳಿಗೊಮ್ಮೆ ಶುಗರ್ ಟೆಸ್ಟಿಗೆ ಹೋಗ್ಬೇಕು. ಬಸ್ ತಪ್ಪಿದ ದಿನ ಟೆಸ್ಟೂ ತಪ್ತಿತ್ತು. "ಏನ್ರೀ, ಬೀನ್ಸಿಗೆ ಜಾಗ ಐತೆ, ನನಗಿಲ್ವಾ?" ಅಂದ್ರು ಒಂದಿನ. ಕೇಳಿದ್ದು ನ್ಯಾಯವಾಗೇ ಇತ್ತು.

ಆವಾಗ ಯೋಚನೆ ಮಾಡಿದ್ರೆ, ಕ್ರೇಟು ಮತ್ತೆ ಮನೆಯವರು ಒಂದೇ ಸಲ ಕೂರೋ ಅಗತ್ಯಾನೇ ಇಲ್ಲ. ಬೆಳಗ್ಗೆ 5ಕ್ಕೆ ಮಂಡಿ, 9ಕ್ಕೆ ಆಸ್ಪತ್ರೆ. ಕ್ಯಾರಿಯರ್ ಕಳಚೋ ಹಾಗಿದ್ರೆ ಅದನ್ನ ಹಿಂದಕ್ಕೆ ತಳ್ಳೋದೇ ಬೇಡ, ಸೀಟಿನ ಮೇಲೇ ಕೂರಿಸಬಹುದು. ಜಾಗಾನೂ ಉಳೀತು, ಭಾರಾನೂ ಮುಂದಕ್ಕೆ ಬಂತು.

ಮಾಡಿಸಿದ್ದು ಹೀಗೆ. 25 ಎಂಎಂ ಚೌಕ ಪೈಪು, 2 ಎಂಎಂ ದಪ್ಪದ್ದು, 3 ಇಂಚಿನ ನಾಲ್ಕು ತುಂಡು. ಇವನ್ನ ನೆಟ್ಟಗೆ ನಿಲ್ಲಿಸಿ, ಪಟ್ಟಿಗೆ ವೆಲ್ಡ್ ಮಾಡಿಸಿ, ಎರಡನ್ನ ಶಾಕ್ ಅಬ್ಸಾರ್ಬರ್ ಮೇಲಿನ ಬೋಲ್ಟಿಗೆ, ಎರಡನ್ನ ಹಿಂದಿನ ಹಿಡಿಯ ಬೋಲ್ಟಿಗೆ ಕಟ್ಟಿದ್ದು. ಇಷ್ಟು ಬೈಕಲ್ಲೇ ಇರುತ್ತೆ, ಕಾಲಿಗೆ ಅಡ್ಡ ಬರಲ್ಲ. ಕ್ರೇಟ್ ಕೂರೋ ಚೌಕಟ್ಟಿಗೆ 20 ಎಂಎಂ ಪೈಪಿನ ನಾಲ್ಕು ಕಾಲು. ಕಾಲು ಮೇಲಿಂದ ಈ ಗೂಡಿಗೆ ಇಳಿಯುತ್ತೆ. 25ರ ಪೈಪಿನ ಒಳಗೆ 21 ಎಂಎಂ ಸಿಗೋದ್ರಿಂದ ಸರಿಯಾಗಿ ಕೂರುತ್ತೆ. ಪೈಪಿನ ಒಳಗಿನ ಜೋಡಣೆ ಗೆರೆ ಅಡ್ಡ ಬಂದ್ರೆ ಅರದಲ್ಲಿ ಉಜ್ಜಿಸಿ. ಚೌಕಟ್ಟು ಗೂಡಿನ ಮೇಲೆ ಕೂರೋ ಕಡೆ ಹಳೇ ಟ್ಯೂಬ್ ರಬ್ಬರ್ ಹಾಕಿದ್ರೆ ಗಡಗಡ ಸದ್ದು ನಿಲ್ಲುತ್ತೆ.

ಕಾಲು ನೆಟ್ಟಗೆ ಇಳಿಯೋ ಹಾಗೆ ಮಾಡಿಸಿದ್ದಕ್ಕೆ ಕಾರಣ ಇದೆ. ಭಾರ ಪೂರ್ತಿ ಗೂಡು ಹೊರುತ್ತೆ. ಅಡ್ಡ ಹಾಕೋ ಪಿನ್ನಿಗೆ ಗುಂಡೀಲಿ ಚೌಕಟ್ಟು ಮೇಲಕ್ಕೆ ಹಾರದ ಹಾಗೆ ತಡೆಯೋ ಕೆಲಸ ಮಾತ್ರ. ಪಿನ್ನು ಟ್ರ್ಯಾಕ್ಟರ್ ಅಂಗಡೀದು, ರಿಂಗ್ ಲಾಕ್ ಇರೋದು. ಬೀಳದ ಹಾಗೆ ಸಣ್ಣ ಚೈನಲ್ಲಿ ಕಟ್ಟಿದ್ದೀನಿ. ಎರಡು ಪಿನ್ ಎಳೆದು ಎತ್ತಿದ್ರೆ ಬಂತು. ನನಗೆ ಕೂಲಿ ಸೇರಿ 1,400 ರೂಪಾಯಿ ಆಯ್ತು.

ಕೆಲವು ಮಾತು ನೆನಪಿಡಿ. ವೆಲ್ಡಿಂಗ್ ಎಲ್ಲಾ ಟೇಬಲ್ ಮೇಲೆ ಆಗಲಿ. ಚಾಸಿಗೆ ಕಡ್ಡಿ ಮುಟ್ಟಿಸಬೇಡಿ. ವೆಲ್ಡಿಂಗ್ ಶಾಖಕ್ಕೆ ಆ ಜಾಗದ ಗುಣ ಕೆಡುತ್ತೆ, ಈಗಿನ ಬೈಕಲ್ಲಿ ಕರೆಂಟು ಹರಿದು ಇಸಿಯುನೂ ಸುಡಬಹುದು. ನೈಲಾಕ್ ನಟ್ಟೇ ಹಾಕ್ಸಿ, ಹೊಸದರಲ್ಲಿ ವಾರಕ್ಕೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಇಂಡಿಕೇಟರ್, ಹಿಂದಿನ ಲೈಟು, ನಂಬರ್ ಮುಚ್ಚಬಾರದು. ಬೈಕಿನ ಜೊತೆ ಕೊಟ್ಟಿರೋ ಪುಸ್ತಕದಲ್ಲಿ ಒಟ್ಟು ಎಷ್ಟು ಭಾರ ಅಂತ ಬರೆದಿರುತ್ತೆ, ಅದರಲ್ಲಿ ನಮ್ಮ ಮೈತೂಕಾನೂ ಸೇರಿಸಿ ಲೆಕ್ಕ ಹಾಕ್ಬೇಕು.

ಮೂರು ತಿಂಗಳಿಂದ ಟೆಸ್ಟ್ ಒಂದೂ ತಪ್ಪಿಲ್ಲ. ಬೀನ್ಸ್ ರೇಟು ಮಾತ್ರ ನಮ್ಮ ಕೈಲಿಲ್ಲ. ನೋಡ್ಬೇಕು ಅನ್ನೋರು ಸಂಜೆ ಹಾಲು ಹಾಕೋ ಹೊತ್ತಿಗೆ ಡೈರಿ ಹತ್ರ ಬನ್ನಿ, ಟೇಪ್ ತನ್ನಿ, ಅಳತೆ ತಗೊಂಡು ಹೋಗಿ.