ಮರಳ ಕೆಳಗಿನ ಎಣ್ಣೆ ಯಾರದು?

ಮರುಭೂಮಿ, ಎಣ್ಣೆ ಎಂದೊಡನೆ ನಮ್ಮ ಮೂಗೂರಿನಂಥ ಊರುಗಳಲ್ಲಿ ಎಲ್ಲರ ಮನಸ್ಸು ಸೌದಿಗೆ ಹೋಗುತ್ತದೆ. ಆದರೆ ಅಂಥದೊಂದು ಸೀಮೆ ನಮ್ಮ ದೇಶದಲ್ಲಿಯೇ ಇದೆ. ಅದು ರಾಜಸ್ಥಾನದ ಥಾರ್ ಮರುಭೂಮಿಯ ಬಾಡ್ಮೇರ್ ಜಿಲ್ಲೆ. ಸಜ್ಜೆ ಬೆಳೆದು, ಆಡು-ಒಂಟೆ ಮೇಯಿಸಿ ಬದುಕುವವರ ನಾಡು. ಮಾಂಗಣಿಯಾರ್ ಎಂಬ ಮುಸ್ಲಿಂ ಗಾಯಕರ ತವರೂ ಹೌದು. ಮಳೆನೀರನ್ನು ನೆಲದೊಳಗಿನ ತೊಟ್ಟಿಯಲ್ಲಿ ಕೂಡಿಟ್ಟು ಬಳಸುವ ಅವರ ಬಾಳು, ಕಾವೇರಿ-ಕಪಿಲೆಯರು ಕೂಡುವ ತಾಲ್ಲೂಕಿನಲ್ಲಿ ಕುಳಿತ ನಮ್ಮ ಊಹೆಗೆ ನಿಲುಕುವುದು ಕಷ್ಟ.

2004ರ ಜನವರಿಯಲ್ಲಿ ಅಲ್ಲಿ ಮಂಗಳಾ ಎಂಬ ದೊಡ್ಡ ತೈಲಕ್ಷೇತ್ರ ಪತ್ತೆಯಾಯಿತು. 2009ರ ಆಗಸ್ಟ್ 29ರಂದು ಪ್ರಧಾನಿ ಮನಮೋಹನ್ ಸಿಂಗ್ ಉತ್ಪಾದನೆಗೆ ಚಾಲನೆ ನೀಡಿದರು. ಬಳಿಕ ಭಾಗ್ಯಂ, ಐಶ್ವರ್ಯಾ ಕ್ಷೇತ್ರಗಳೂ ಸೇರಿದವು. ಕೆಲವೇ ವರ್ಷಗಳಲ್ಲಿ ದೇಶದೊಳಗೆ ದೊರೆಯುವ ಕಚ್ಚಾತೈಲದ ಐದನೆಯ ಒಂದು ಪಾಲಿಗಿಂತ ಹೆಚ್ಚು ಈ ಒಂದು ಸೀಮೆಯಿಂದಲೇ ಬರತೊಡಗಿತು. ಆ ಎಣ್ಣೆಯಲ್ಲಿ ಮೇಣದ ಅಂಶ ಬಹಳ. ಬಿಸಿ ಆರಿದರೆ ಚಳಿಗಾಲದ ಕೊಬ್ಬರಿ ಎಣ್ಣೆಯಂತೆ ಹೆಪ್ಪುಗಟ್ಟುತ್ತದೆ. ಆದ್ದರಿಂದ ಸುಮಾರು 65 ಡಿಗ್ರಿ ಶಾಖದಲ್ಲಿಟ್ಟು, ಉದ್ದಕ್ಕೂ ಕಾಯಿಸುವ ಕೊಳವೆಯಲ್ಲಿ 600 ಕಿ.ಮೀ.ಗೂ ಹೆಚ್ಚು ದೂರದ ಗುಜರಾತ್ ಕರಾವಳಿಗೆ ಸಾಗಿಸುತ್ತಾರೆ. ಎಣ್ಣೆಯನ್ನು ಬಾವಿಯ ಕಡೆಗೆ ತಳ್ಳಲು ನೀರೂ ಬೇಕು. ಅದಕ್ಕೆ ಥುಂಬ್ಲಿಯ ಅಂತರ್ಜಲದ ಉಪ್ಪುನೀರನ್ನು ಬಳಸಿದರು; ಬಾಯಾರಿದ ನಾಡಿನಲ್ಲಿ ಇದು ವಿವೇಕದ ಕೆಲಸವೆಂದೇ ನಮ್ಮ ಅನಿಸಿಕೆ.

ಆದರೆ ಈ ಸಂಪತ್ತು ಯಾರದು? ನೆಲದ ಮೇಲ್ಭಾಗ ರೈತನದು, ಒಡಲಿನ ತೈಲ ಸರಕಾರದ್ದು ಎಂಬುದು ನಮ್ಮ ದೇಶದ ಕ್ರಮ. ಕಂಪೆನಿಗೆ ಗುತ್ತಿಗೆ, ರಾಜ್ಯಕ್ಕೆ ರಾಯಲ್ಟಿ. ನಮ್ಮ ಫಿಕ್‌ಹ್ ಪಂಡಿತರೂ ಇದನ್ನು ಚರ್ಚಿಸಿದ್ದಾರೆ. ನೆಲದಿಂದ ಉಕ್ಕುವ ಎಣ್ಣೆ ನೀರಿನ ಬುಗ್ಗೆಯಂತೆ, ಬೆಳೆಯಂತಲ್ಲ. ಆದ್ದರಿಂದ ಅದಕ್ಕೆ ಉಶ್ರ್ ಇಲ್ಲ ಎಂದು ಹನಫೀ ಗ್ರಂಥ ಹಿದಾಯ ಹೇಳುತ್ತದೆ. (ವಿದ್ಯಾರ್ಥಿಗಳು ಈ ಸಾಲನ್ನು ಬೇಗ ದಾಟಿಬಿಡುತ್ತಾರೆ, ಅವರಿಗೆ ವುಝೂವಿನ ಅಧ್ಯಾಯವೇ ಹತ್ತಿರ.) ಗಣಿ ಖಾಸಗಿ ಜಮೀನಿನಲ್ಲಿ ಸಿಕ್ಕರೂ ಅದರ ಅಧಿಕಾರ ಆಳುವವನದು, ಸಮುದಾಯದ ಹಿತಕ್ಕಾಗಿ, ಎಂಬುದು ಮಾಲಿಕೀ ವಿದ್ವಾಂಸರ ಪ್ರಸಿದ್ಧ ನಿಲುವು.

ಇನ್ನೊಂದು ವೃತ್ತಾಂತ ಅಬೂದಾವೂದ್, ತಿರ್ಮಿದಿ ಸಂಗ್ರಹಗಳಲ್ಲಿದೆ. ಯಮನಿನ ಮಅ್‌ರಿಬ್‌ನ ಉಪ್ಪಿನ ಗಣಿಯನ್ನು ಹಝ್ರತ್ ಅಬ್ಯಝ್ ಬಿನ್ ಹಮ್ಮಾಲ್(ರ) ತಮಗೆ ಬೇಕೆಂದು ಕೇಳಿದರು, ಪ್ರವಾದಿ(ಸ) ಕೊಟ್ಟರು. ಅದು ಬತ್ತದ ನೀರಿನಂಥದು ಎಂದು ಸಭೆಯಲ್ಲಿದ್ದವರೊಬ್ಬರು ತಿಳಿಸಿದೊಡನೆ ಹಿಂದಕ್ಕೆ ಪಡೆದರು. ಎಲ್ಲರ ಕೈಗೆಟಕುವುದು ಒಬ್ಬನ ಸೊತ್ತಾಗಬಾರದೆಂದು ವಿದ್ವಾಂಸರು ಇದನ್ನು ವಿವರಿಸುತ್ತಾರೆ. ಬಾಡ್ಮೇರಿನ ಎಣ್ಣೆಗಾಗಿ ಶುದ್ಧೀಕರಣಾಗಾರಕ್ಕೆ ಆಯ್ದ ಪಚಪದರವೂ ಹಿಂದಿನಿಂದ ಉಪ್ಪಿನ ಗುಂಡಿಗಳಿಗೇ ಹೆಸರಾದ ಊರು!

ಎಣ್ಣೆಯನ್ನು ಮೇಲೆತ್ತಲು ಅಪಾರ ಬಂಡವಾಳ ಬೇಕು, ಕಂಪೆನಿಗೆ ಲಾಭ ಸಲ್ಲಬೇಕು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ನಮ್ಮನ್ನು ಕಾಡುವುದು ಬೇರೆ. ಜಮೀನಿನ ಪರಿಹಾರ ಪಹಣಿಯುಳ್ಳವನಿಗೆ ಸಲ್ಲುತ್ತದೆ. ಗೋಮಾಳದಲ್ಲಿ ಆಡು ಮೇಯಿಸುವವನಿಗೆ ಪಹಣಿ ಎಲ್ಲಿಂದ ಬರಬೇಕು? ನಮ್ಮ ಸೀಮೆಯಲ್ಲಿಯೂ ಮೇಕೆ-ಕುರಿ ನಂಬಿದ ಮನೆಗಳಿವೆ. ಗೋಮಾಳ ಕರಗಿದರೆ ಆಗುವ ಸಂಕಟ ಅವರಿಗೆ ಗೊತ್ತು. ಬಾಡ್ಮೇರಿನ ಬಾವಿಗಳ ಇಳುವರಿ ಈಗ ಮೊದಲಿನಷ್ಟಿಲ್ಲ. ಉಳಿದ ಎಣ್ಣೆಯನ್ನು ಹೊರಡಿಸಲು ನೀರಿಗೆ ಪಾಲಿಮರ್ ಬೆರೆಸಿ ಬಿಡುತ್ತಿದ್ದಾರೆ. ಇಷ್ಟು ವರ್ಷ ಜೈಪುರಕ್ಕೆ ಸಂದ ರಾಯಲ್ಟಿಯಲ್ಲಿ ಎಷ್ಟು ಆ ಹಳ್ಳಿಗಳಿಗೆ ನೀರಾಗಿ, ಶಾಲೆಯಾಗಿ ಮರಳಿತು ಎಂಬ ಲೆಕ್ಕವನ್ನು ಬಾವಿಗಳು ಬರಿದಾಗುವ ಮುನ್ನವೇ ಅಲ್ಲಿನ ಪಂಚಾಯಿತಿಗಳಲ್ಲಿ ಓದಿ ಹೇಳಬೇಕು, ಪಹಣಿ ಇಲ್ಲದವರನ್ನೂ ಕರೆದು ಕೂರಿಸಿ.