ನೇಟಿವ್ ಯಾವುದೆಂದು ಕೇಳಿದರೆ

ಬೆಂಗಳೂರಿನಲ್ಲಿ ಹೊಸಬರು ಸಿಕ್ಕಿದರೆ ಹೆಸರು ಕೇಳಿದ ಮೇಲಿನ ಪ್ರಶ್ನೆ, ‘ನಿಮ್ಮ ನೇಟಿವ್ ಯಾವ್ದು?’ ಹಬ್ಬಕ್ಕೆ ಎಲ್ಲರೂ ‘ನೇಟಿವ್‌ಗೆ’ ಹೋಗುತ್ತಾರೆ, ಬರುವಾಗ ‘ನೇಟಿವ್‌ನಿಂದ’ ತೆಂಗಿನಕಾಯಿ ತರುತ್ತಾರೆ. ಇಂಗ್ಲೆಂಡಿನವರಿಗೆ ಈ ಬಳಕೆ ತಿಳಿಯದು. ಅವರಲ್ಲಿ ನೇಟಿವ್ ಎಂದರೆ ಮನುಷ್ಯ, ಊರಲ್ಲ. ‘ನೇಟಿವ್ ಪ್ಲೇಸ್’ನಲ್ಲಿ ಎರಡನೆಯ ಪದವನ್ನು ಬಿಟ್ಟು, ಮೊದಲನೆಯದನ್ನೇ ಊರಿಗೆ ಇಟ್ಟವರು ನಾವು ಭಾರತೀಯರು.

ಕೇರಳದ ಕಾಸರಗೋಡಿನ ಕಡೆಯ ನಮಗೆ ಈ ಶಬ್ದ ಸರಕಾರಿ ಮೊಹರಿನೊಂದಿಗೆ ಬರುತ್ತದೆ: ನೇಟಿವಿಟಿ ಸರ್ಟಿಫಿಕೇಟ್. ‘ಅಕ್ಷಯ’ ಸೇವಾಕೇಂದ್ರದಲ್ಲಿ ಅರ್ಜಿ ಹಾಕಬೇಕು, ವಿಲ್ಲೇಜ್ ಆಫೀಸರು ಒಪ್ಪಬೇಕು. ಅಲ್ಲಿ ಮುಖ್ಯವಾಗಿ ನೋಡುವುದು ಹುಟ್ಟನ್ನು. ನೀವು ಹುಟ್ಟಿದ್ದೆಲ್ಲಿ, ನಿಮ್ಮ ತಂದೆತಾಯಿ ಹುಟ್ಟಿದ್ದೆಲ್ಲಿ?

ಈ ಶಬ್ದದ ಬೇರಿನಲ್ಲಿರುವುದೂ ಹುಟ್ಟೇ. ಲ್ಯಾಟಿನ್‌ನಲ್ಲಿ ‘ನಾಸ್ಕಿ’ ಎಂದರೆ ಹುಟ್ಟುವುದು. ಅದರಿಂದ ‘ನಾಟಿವುಸ್’, ಹುಟ್ಟಿನಿಂದ ಬಂದದ್ದು. ನೇಷನ್, ನೇಚರ್ ಕೂಡ ಅಲ್ಲಿಂದಲೇ ಹೊರಟವು. ಇನ್ನೂ ಹಿಂದಕ್ಕೆ ಹೋದರೆ ಸಂಸ್ಕೃತದ ‘ಜನ್’ ಧಾತುವೂ ಅದೇ ಮೂಲದ್ದು ಎಂದು ಭಾಷಾವಿಜ್ಞಾನ ಹೇಳುತ್ತದೆ. ಜನ, ಜನ್ಮ, ಜಾತಿ ಎಲ್ಲ ಆ ಧಾತುವಿನ ಸಂತಾನ. ನೇಟಿವ್ ಮತ್ತು ಜಾತಿ ಒಂದೇ ಮನೆತನದ ದಾಯಾದಿಗಳು! ಇಬ್ಬರೂ ಮನುಷ್ಯನನ್ನು ಅಳೆಯುವುದು ಹುಟ್ಟಿನಿಂದಲೇ. ಮಧ್ಯಯುಗದ ಇಂಗ್ಲೆಂಡಿನ ಕಾನೂನು ದಾಖಲೆಗಳಲ್ಲಿ ‘ನಾಟಿವುಸ್’ ಎಂದರೆ ಒಡೆಯನ ಜಮೀನಿಗೆ ಹುಟ್ಟಿನಿಂದಲೇ ಕಟ್ಟುಬಿದ್ದ ಜೀತದಾಳು. ಮುಂದೆ ಅದೇ ಶಬ್ದ ಹಡಗು ಹತ್ತಿ ನಮ್ಮಲ್ಲಿಗೆ ಬಂದಾಗ, ಮದರಾಸಿನ ಸಿಪಾಯಿಗಳು ‘ನೇಟಿವ್ ಇನ್‌ಫೆಂಟ್ರಿ’ ಆದರು, ಮೈಸೂರು ‘ನೇಟಿವ್ ಸ್ಟೇಟ್’ ಆಯಿತು. ನಮ್ಮ ನುಡಿಗಳಿಗೆ ‘ವರ್ನಾಕ್ಯುಲರ್’ ಎಂಬ ಹೆಸರು ಬಿತ್ತು. ಅದರ ಮೂಲವಾದ ‘ವೆರ್ನಾ’ಕ್ಕೆ ಲ್ಯಾಟಿನ್‌ನಲ್ಲಿ ಯಜಮಾನನ ಮನೆಯಲ್ಲೇ ಹುಟ್ಟಿದ ಗುಲಾಮ ಎಂದರ್ಥ. 1878ರಲ್ಲಿ ದೇಶಭಾಷೆಗಳ ಪತ್ರಿಕೆಗಳ ಬಾಯಿ ಕಟ್ಟಲು ತಂದ ಕಾಯಿದೆಯ ಹೆಸರಿನಲ್ಲೂ ಈ ‘ವರ್ನಾಕ್ಯುಲರ್’ ಇತ್ತು. ಇಷ್ಟೆಲ್ಲ ಅವಮಾನ ಹೊತ್ತಿದ್ದ ನೇಟಿವ್ ಅನ್ನು ನಮ್ಮ ಜನ ಅಜ್ಜನ ಮನೆಯ ಅಂಗಳಕ್ಕೆ, ದೈವದ ಕೋಲಕ್ಕೆ, ಹಲಸಿನ ಹಣ್ಣಿಗೆ ಒಗ್ಗಿಸಿಕೊಂಡದ್ದು ಸಣ್ಣ ಸಂಗತಿಯಲ್ಲ. ಆ ಬಳಕೆಯ ಬಗ್ಗೆ ನನಗೆ ಪ್ರೀತಿಯೇ ಇದೆ.

ಆದರೆ ಗಡಿಯಲ್ಲಿ ಬದುಕುವವರ ಮಟ್ಟಿಗೆ ಹುಟ್ಟು ಎಂಬ ಅಳತೆ ಸಾಲುವುದಿಲ್ಲ. ಮಂಜೇಶ್ವರದವರಿಗೆ ಜಿಲ್ಲಾಕೇಂದ್ರ ಕಾಸರಗೋಡಿಗಿಂತ ಮಂಗಳೂರು ಹತ್ತಿರ. ನಮ್ಮ ಎಷ್ಟೋ ಹೆಣ್ಣುಮಕ್ಕಳ ಹೆರಿಗೆ ಆಗುವುದು ಅಲ್ಲಿನ ಆಸ್ಪತ್ರೆಗಳಲ್ಲೇ. ಬಾಣಂತಿ ವಾರದೊಳಗೆ ಗಡಿಯ ತಲಪಾಡಿ ದಾಟಿ ಮನೆಗೆ ಬರುತ್ತಾಳೆ. ಮಗುವಿನ ಜನನಪತ್ರ ಮಾತ್ರ ಕರ್ನಾಟಕದ್ದು. ಬಂಟ್ವಾಳದಲ್ಲಿ, ವಿಟ್ಲದಲ್ಲಿ, ಸುಳ್ಯದಲ್ಲಿ ಹುಟ್ಟಿ ಗಡಿಯ ಈಚೆಗೆ ಮದುವೆಯಾಗಿ ಬಂದ ಸೊಸೆಯಂದಿರ ಕತೆಯೂ ಇದೇ. 2020ರ ಮಾರ್ಚಿನಲ್ಲಿ ಕೊರೊನಾ ಕಾರಣಕ್ಕೆ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಆಂಬ್ಯುಲೆನ್ಸುಗಳೂ ನಿಂತವು, ಚಿಕಿತ್ಸೆ ಸಿಗದೆ ಜನ ಸತ್ತರು. ಗಡಿ ಎಷ್ಟು ಗಟ್ಟಿ ಎಂದು ನಾವು ಸರಿಯಾಗಿ ಕಂಡದ್ದು ಆಗ.

ಹಿರಿಯರ ಲೆಕ್ಕ ಇನ್ನೂ ಬೇರೆ. ಅವರು ಹುಟ್ಟಿದ್ದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿ. 1956ರ ನವೆಂಬರ್ 1ರಂದು ಅದೇ ಮನೆಯ ಅದೇ ಜಗಲಿಯಲ್ಲಿ ಕೂತಿದ್ದಂತೆಯೇ ಕೇರಳದವರಾದರು. ಮಂಜೇಶ್ವರ ಗೋವಿಂದ ಪೈಗಳ ತಂದೆ ಮಂಗಳೂರಿನವರು, ಮಂಜೇಶ್ವರ ತಾಯಿಯ ಕಡೆಯ ಮನೆ. 1949ರಲ್ಲಿ ಅವರನ್ನು ರಾಷ್ಟ್ರಕವಿ ಎಂದದ್ದು ಮದರಾಸು ಸರಕಾರ. 1963ರಲ್ಲಿ ತೀರಿಕೊಳ್ಳುವಾಗ ಊರು ಕೇರಳದಲ್ಲಿತ್ತು. ಇಷ್ಟಾಗಿಯೂ ಅವರ ಊರು ಯಾವುದು ಎಂಬುದರಲ್ಲಿ ಯಾರಿಗೂ ಸಂಶಯ ಬಂದಿಲ್ಲ. ಬಾಳಿದ ಊರು ಹೆಸರಿನ ಮುಂದೆ ನಿಂತಿತು.

ನಾವು ದಿನವೂ ಆಡುವ ಮಾತಿಗೆ ಇದು ಗೊತ್ತು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಮಲಯಾಳದಲ್ಲಿ ‘ನಾಟ್ಟಿಲ್ ಎವಿಡೆಯಾ?’ (ನಾಡಿನಲ್ಲಿ ಎಲ್ಲಿ?) ಎಂದು ಕೇಳಿದರೆ, ತುಳುವಿನಲ್ಲಿ ‘ಇರೆನ ಊರು ಓಲು?’ ಎಂದರೆ, ಉತ್ತರವಾಗಿ ನಾವು ಹೇಳುವುದು ಮನೆಯಿರುವ ಜಾಗವನ್ನು. ಹೆರಿಗೆ ಆಸ್ಪತ್ರೆಯ ಹೆಸರನ್ನು ಯಾರೂ ಹೇಳುವುದಿಲ್ಲ. ಕನ್ನಡದಲ್ಲಿ ನಾಡು ವಿಶಾಲ, ಊರು ಹತ್ತಿರದ್ದು. ಮಲಯಾಳಿಗೆ ನಾಡು ಎಂದರೆ ತನ್ನ ಹಳ್ಳಿಯೇ; ಊರು ಎಂಬುದನ್ನು ಅಲ್ಲಿ ಈಗ ಹೆಚ್ಚಾಗಿ ಆದಿವಾಸಿ ಹಾಡಿಗಳಿಗೆ ಹೇಳುತ್ತಾರೆ. ಎರಡೂ ಮಾತು ಬಲ್ಲ ನಮ್ಮ ಮಕ್ಕಳು ಯಾರೂ ಕಲಿಸದೆಯೇ ಕೇಳುವವರನ್ನು ನೋಡಿ ಶಬ್ದ ಬದಲಿಸುತ್ತಾರೆ.

ನನ್ನ ತೀರ್ಮಾನ ಇಷ್ಟು: ಒಬ್ಬರು ಈ ಮಣ್ಣಿನವರೇ ಎಂದು ನೋಡಬೇಕಾದರೆ ಬಾಳನ್ನು, ದುಡಿಮೆಯನ್ನು, ಆಡುವ ಭಾಷೆಯನ್ನು ನೋಡಬೇಕು. ಹುಟ್ಟಿನ ದಾಖಲೆಯಿಂದ ಅದು ತಿಳಿಯದು. ಭಾಷೆಯ ವಿಷಯದಲ್ಲಾದರೂ ಕಾನೂನು ನಮ್ಮ ಕಡೆಗಿದೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸರಕಾರಕ್ಕೆ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಕೇರಳದ 1969ರ ಆಡಳಿತ ಭಾಷಾ ಕಾಯಿದೆಯೂ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದೊಡನೆ ಪತ್ರವ್ಯವಹಾರ ನಡೆಸಬಹುದೆನ್ನುತ್ತದೆ. ಆದ್ದರಿಂದ ಗಡಿನಾಡಿನ ಬಂಧುಗಳೇ, ಮುಂದಿನ ಸಲ ಕಚೇರಿಗೆ ಹೋಗುವಾಗ ಅರ್ಜಿಯನ್ನು ಕನ್ನಡದಲ್ಲಿ ಬರೆದುಕೊಂಡು ಹೋಗಿ, ಉತ್ತರವನ್ನೂ ಕನ್ನಡದಲ್ಲೇ ಕೇಳಿ.